ಕೈಯನ್ನು ನೋಡುವ ಪ್ರೇಕ್ಷಕರು

2015ರ ಮಾರ್ಚ್ ತಿಂಗಳಲ್ಲಿ 62ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾಗಿ, ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಚಿತ್ರದ ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟನೆಂಬ ಗೌರವವೂ ಅದೇ ಚಿತ್ರದ ವರ್ಣಾಲಂಕಾರಕ್ಕೆ ಇನ್ನೊಂದು ಪ್ರಶಸ್ತಿಯೂ ಲಭಿಸಿದಾಗ, ನಮ್ಮ ಪತ್ರಿಕೆಗಳಲ್ಲಿ ಹರಿದ ಪ್ರಶಂಸೆಯ ಬಹುಭಾಗವು ನಟನ ಸಾಹಸವನ್ನೇ ಕುರಿತದ್ದಾಗಿತ್ತು: ಗಂಡಸೊಬ್ಬನು ಹೆಣ್ಣಾಗಿ ತೋರಿದ ಪರಿ, ಅವನ ನಡಿಗೆ, ಅವನ ಕಣ್ಣು, ಅವನ ಸೀರೆ. ಯಾರ ಜೀವಿತವು ಆ ಚಿತ್ರದಲ್ಲಿ ನಿರೂಪಿತವಾಗಿದ್ದಿತೋ ಆ ಲಿಂಗಾಂತರಿಗಳು ಅದನ್ನು ಕಂಡು ಏನೆಂದುಕೊಂಡರು, ಎಲ್ಲಿ ನಕ್ಕರು, ಎಲ್ಲಿ ಮುನಿದರು ಎಂಬುದನ್ನು ವಿಚಾರಿಸಿದ ಬರಹಗಳು ನನ್ನ ಕಣ್ಣಿಗೆ ಬಿದ್ದುದು ತೀರ ವಿರಳ. ಒಂದು ಜನಾಂಗದ ಚಿತ್ರವನ್ನು ಬರೆದು, ಆ ಚಿತ್ರವನ್ನು ಅವರ ಹೊರತು ಮಿಕ್ಕೆಲ್ಲರಿಗೂ ತೋರಿಸಿ, ಎಲ್ಲರಿಂದಲೂ ಮೆಚ್ಚುಗೆ ಪಡೆದು ಸುಮ್ಮನಾಗುವುದು ನ್ಯಾಯವೆನ್ನಿಸಿಕೊಳ್ಳಲಾರದು.

ಈ ವಿಚಾರವೇ ನನ್ನನ್ನು ಶಿಗ್ಗಾವಿಯ ಒಂದು ಚಿಕ್ಕ ಬಾಡಿಗೆಯ ಮನೆಗೆ ಕರೆದೊಯ್ದಿತು. ಅಂದು ಶುಕ್ರವಾರ. ಒಳಕೋಣೆಯ ಮೂಲೆಯಲ್ಲಿ ಯಲ್ಲಮ್ಮನ ಜಗವು, ಎಂದರೆ ದೇವಿಯ ಮೂರ್ತಿಯನ್ನಿಟ್ಟ ಬುಟ್ಟಿಯು, ಭಂಡಾರ, ಕುಂಕುಮ, ಬೇವಿನ ಎಸಳು, ನವಿಲುಗರಿಗಳಿಂದ ಶೋಭಿಸುತ್ತಿದ್ದಿತು. ಅದರ ಎದುರು ಗೋಡೆಗೆ ತೂಗುಹಾಕಿದ್ದ ದೂರದರ್ಶನ ಯಂತ್ರಕ್ಕೆ ಮೊಬೈಲನ್ನು ಜೋಡಿಸಿ ಸಿನಿಮಾ ಹಚ್ಚುವ ಏರ್ಪಾಡು. ಹಾನಗಲ್ಲ ಕಡೆಯಿಂದ ಬಂದಿದ್ದ ಹಿರಿಯ ಜೋಗಮ್ಮ, ಸವಣೂರಿನಲ್ಲಿ ಎಲೆಯ ವ್ಯಾಪಾರ ಮಾಡುವ ನಡುವಯಸ್ಸಿನವಳು, ಹಿರೇಕೆರೂರಿನ ಕಡೆಯಿಂದ ಬಂದ, ಪಿಯುಸಿ ಮುಗಿಸಿದ ತರುಣಿ, ಮತ್ತು ಮನೆಯ ಒಡತಿ, ಇವರೇ ಅಂದಿನ ಸಹೃದಯ ಸಭೆ. ಸಹೃದಯರೆಂಬ ಮಾತನ್ನು ನಾನು ಔಪಚಾರಿಕವಾಗಿ ಬಳಸುತ್ತಿಲ್ಲ. ಅಂದು ಅಲ್ಲಿ ನಡೆದಷ್ಟು ಸೂಕ್ಷ್ಮವಾದ ಚಿತ್ರವಿಮರ್ಶೆಯನ್ನು ನಾನು ಗೋಷ್ಠಿಗಳಲ್ಲಿಯೂ ಕೇಳಿದ್ದು ಅಪೂರ್ವ.

ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದ ಆತ್ಮಕಥೆಯು ತಮಿಳ್ ಸೆಲ್ವಿಯವರ ಅನುವಾದದ ಮೂಲಕ ಕನ್ನಡಕ್ಕೆ ಬಂದು, ಆ ಕೃತಿಯನ್ನು ಆಧರಿಸಿ ಈ ಚಿತ್ರವು ಸಿದ್ಧವಾದ ಸಂಗತಿ ಓದುಗರಿಗೆ ತಿಳಿದುದೇ. ಬಾಲಕ ಮಾದೇಶನು ಮನೆಯ ಹೆಣ್ಣುಮಕ್ಕಳ ಉಡುಗೆಯನ್ನು ತೊಟ್ಟು ಕುಣಿಯುವ ದೃಶ್ಯ ಬಂದಾಗ, ಕಣ್ಣೀರು ಬರುವುದೆಂದು ನಾನು ನಿರೀಕ್ಷಿಸಿದ್ದ ಜಾಗದಲ್ಲಿ ಗಟ್ಟಿಯಾದ ನಗೆಯೆದ್ದಿತು. ಅದು ಅಪಹಾಸ್ಯದ ನಗೆಯಲ್ಲ. ಗುರುತು ಹಿಡಿದ ನಗೆ. ‘ನಮ್ಮವ್ವ ಟ್ರಂಕಿಗೆ ಕೀಲಿ ಹಾಕತಿದ್ಲು. ನಾನು ಕೀಲಿ ಎಲ್ಲಿಡತಾಳ ಅಂತ ನೋಡಿಕೋತಿದ್ದೆ’ ಎಂದಳು ಸವಣೂರಿನವಳು. ಬೇಡುವ ದೃಶ್ಯಗಳಲ್ಲಿ, ನಗರದ ಪ್ರೇಕ್ಷಕನ ಮನಸ್ಸು ಕರುಣೆಯಿಂದ ಕರಗಬೇಕಾದಲ್ಲಿ, ಇವರು ವೃತ್ತಿನಿರತರ ನಿಷ್ಠುರತೆಯಿಂದ ಚರ್ಚೆಗಿಳಿದರು: ಅಂಗಡಿಯ ಮುಂದೆ ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬಾರದು, ಯಾವ ಹೊತ್ತಿನಲ್ಲಿ ಬೋಣಿಯಾಗದ ಅಂಗಡಿಗೆ ಕಾಲಿಡಕೂಡದು. ಅವರ ಪಾಲಿಗೆ ಆ ದೃಶ್ಯವು ದುಃಖದ ಸಂಕೇತವಾಗಿರದೆ ದಿನದ ದುಡಿಮೆಯಾಗಿತ್ತು.

ಆದರೆ ಅಂದಿನ ಮುಖ್ಯ ಪಾಠವನ್ನು ನನಗೆ ಹೇಳಿದವಳು ಹಾನಗಲ್ಲಿನ ಹಿರಿಯಳು. ಆಕೆ ನಟನ ಮುಖವನ್ನು ನೋಡುತ್ತಲೇ ಇರಲಿಲ್ಲ. ‘ಮುಖಕ್ಕ ಬಣ್ಣ ಹಚ್ಚಿದ್ರ ಮುಖ ಸುಳ್ಳು ಹೇಳತೈತ್ರಿ. ಕೈ ನೋಡ್ರಿ, ಕೈ’ ಎಂದು ತೆರೆಯತ್ತ ಬೆರಳು ಮಾಡಿದಳು. ಆ ಬಳಿಕ ನಾನೂ ಕೈಯನ್ನೇ ನೋಡತೊಡಗಿದೆನು. ಮತ್ತು ಅಂದಿನಿಂದ ಈ ವಿಷಯವನ್ನು ಕುರಿತ ಯಾವ ಚಿತ್ರವನ್ನು ನೋಡಿದರೂ ನನ್ನ ದೃಷ್ಟಿ ಕೈಯ ಮೇಲೆಯೇ ನಿಲ್ಲುತ್ತದೆ. ಆಕೆಯ ತೀರ್ಪು ಹೀಗಿತ್ತು: ವಿಜಯ್ ಸೆರಗು ಸರಿಪಡಿಸಿಕೊಳ್ಳುವ ಕೈ ನಿಜವಾದ ಕೈ, ಏಕೆಂದರೆ ಅದು ಯಾರಿಗಾಗಿಯೂ ಸರಿಪಡಿಸುತ್ತಿಲ್ಲ, ಆದರೆ ಸಿನಿಮಾದಲ್ಲಿ ಬರುವ ಚಪ್ಪಾಳೆ ಈ ಸೀಮೆಯದಲ್ಲ. ‘ನಾವು ಚಪ್ಪಾಳಿ ಬಡಿಯೂದಿಲ್ರಿ. ನಮ್ಮ ಕೈಯಾಗ ಚೌಡಿಕಿ ಇರತೈತಿ, ತಲಿ ಮ್ಯಾಲ ಜಗ ಇರತೈತಿ. ಚಪ್ಪಾಳಿ ಬಡಿಯಾಕ ಕೈ ಎಲ್ಲಿ ಖಾಲಿ ಅದಾವು?’

ಈ ಚಪ್ಪಾಳೆಯ ವಿಷಯ ನನ್ನನ್ನು ಬಹುವಾಗಿ ಹಿಡಿದುಬಿಟ್ಟಿದೆ. ಓದುಗರು ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಇದರ ಬೆನ್ನುಹತ್ತಬೇಕು. ಅಂಗೈಗಳನ್ನು ಚಪ್ಪಟೆಯಾಗಿ ಚಾಚಿ, ಬೆರಳುಗಳನ್ನು ಅಗಲಿಸಿ ಹೊಡೆಯುವ ಆ ಶಬ್ದವು ಹಿಜ್ರಾ ಮನೆತನಗಳ ಪದ್ಧತಿ. ಮುಂಬಯಿ ಪುಣೆಗಳ ಬೀದಿಗಳಿಂದ ಹಿಂದೀ ಚಿತ್ರಗಳಿಗೆ ಬಂದು, ಅಲ್ಲಿಂದ ದಕ್ಷಿಣದ ಎಲ್ಲ ಭಾಷೆಗಳ ಚಿತ್ರಗಳಿಗೂ ಹರಡಿ, ಈಗ ಯಾವ ಊರಿನ ಯಾವ ಪಾತ್ರವೇ ಇರಲಿ, ಲಿಂಗಾಂತರಿಯೊಬ್ಬಳು ತೆರೆಯನ್ನು ಪ್ರವೇಶಿಸಿದಳೆಂದು ಸಾರುವ ಜಾಗಟೆಯಾಗಿಬಿಟ್ಟಿದೆ. ಸವದತ್ತಿಯ ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರ ಪರಂಪರೆ ಬೇರೆಯದು. ಅವರ ಹಸ್ತಗಳಿಗೆ ಬೇರೆ ಕಾಯಕಗಳಿವೆ: ಚೌಡಿಕೆಯ ತಂತಿ ಮೀಟುವುದು, ಭಂಡಾರ ಹಚ್ಚುವುದು, ಮಕ್ಕಳಿಗೆ ದೃಷ್ಟಿ ತೆಗೆಯುವುದು, ಪಡಲಗಿ ಹಿಡಿದು ಐದು ಮನೆ ಜೋಗ ಬೇಡುವುದು. ತಲೆಯ ಮೇಲೆ ಕೊಡವನ್ನಿಟ್ಟು ಕುಣಿಯುವಾಗ ಆ ಕೈಗಳು ಕೊಡವನ್ನು ಮುಟ್ಟಕೂಡದು. ಮುಟ್ಟದೆಯೂ ಅವು ಕೊಡದ ತೂಕವನ್ನು ಬಲ್ಲವು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವು ಈ ಮನೆಯಿಂದ ದೂರವೇನಲ್ಲ. ಈ ಹಸ್ತಗಳ ಭಾಷೆಯನ್ನು ಶಾಸ್ತ್ರೀಯವಾಗಿ ದಾಖಲಿಸುವ ಕಾರ್ಯಕ್ಕೆ ಅದಕ್ಕಿಂತ ಯೋಗ್ಯವಾದ ಸ್ಥಳ ಇನ್ನಾವುದು?

ಆ ಮನೆಯವರ ಮೊಬೈಲಿನಲ್ಲಿ ಅತ್ಯಂತ ಜೋಪಾನವಾಗಿ ಉಳಿದಿರುವ ಚಿತ್ರವು ಸಿನಿಮಾವೇ ಅಲ್ಲ. 2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸಲು ಮುಂದೆ ಬಂದು, ಸೆರಗಿನ ತುದಿಯನ್ನು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದ ಆ ಕ್ಷಣದ ತುಣುಕು ಅದು. ಮನೆ ಬಿಟ್ಟು ಅಲೆದು, ವಿಷ ಕುಡಿದು ಬದುಕುಳಿದು, ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಹಾಡಿ ಮಗ ಕೊಡ ಹೊತ್ತು ಕುಣಿಯುವುದನ್ನು ಕಂಡು ಆ ವಿದ್ಯೆಗೆ ಮನಸೋತು, ಕಾಳವ್ವ ಜೋಗತಿಯ ಆಶ್ರಯದಲ್ಲಿ ಕಲಾವಿದೆಯಾಗಿ ಬೆಳೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನಕ್ಕೇರಿದ ಆಕೆಯ ಬಾಳು ಈಗ ಲೋಕಪ್ರಸಿದ್ಧ. ದಿಲ್ಲಿಯ ಆ ಕ್ಷಣವನ್ನು ಇಡೀ ದೇಶವು ಸೋಜಿಗವೆಂದು ನೋಡಿತು. ಶಿಗ್ಗಾವಿಯ ಈ ಮನೆಯಲ್ಲಿ ಅದನ್ನು ಕೈಯ ನಿಖರತೆಗಾಗಿ ನೋಡುತ್ತಾರೆ. ‘ಗಡಿಬಿಡಿ ಮಾಡ್ಲಿಲ್ಲ ನೋಡ್ರಿ. ಅಷ್ಟು ದೊಡ್ಡ ಮಂದಿ ಕುಂತಿದ್ರೂ ಮನ್ಯಾಗ ಕೂಸಿಗೆ ತಗದಂಗ ತಗದ್ಲು’ ಎಂದು ಹಿರಿಯಳು ಆ ತುಣುಕನ್ನು ಮತ್ತೆ ಹಚ್ಚಿಸಿದಳು, ಮತ್ತೆ ನೋಡಿದಳು. ನಟನೆಯ ಹೆಸರಿನಲ್ಲಿ ಕೊಡಮಾಡುವ ಎಲ್ಲ ಪ್ರಶಸ್ತಿಗಳನ್ನೂ ಈ ಒಂದು ಮಾನದಂಡದಿಂದ ಅಳೆದರೆ ಎಷ್ಟು ಉಳಿದಾವು ಎಂಬ ಸಂದೇಹ ನನಗೆ ಬಲವಾಗಿಯೇ ಉಂಟು.

ಇನ್ನು ತೆರೆಯ ಮೇಲಿನ ಲಿಂಗಾಂತರಿ ಪಾತ್ರಗಳ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1991ರ ‘ಸಡಕ್’ ಚಿತ್ರದಲ್ಲಿ ಸದಾಶಿವ ಅಮರಾಪುರ್ಕರ್ ಅಭಿನಯಿಸಿದ ಮಹಾರಾಣಿಯೆಂಬ ಕ್ರೂರ ಪಾತ್ರವು ಬಹುಕಾಲ ಜನಮನದಲ್ಲಿ ನಿಂತಿತು; 1997ರಲ್ಲಿ ‘ತಮನ್ನಾ’ ಮತ್ತು ‘ದರ್ಮಿಯಾಂ’ ಚಿತ್ರಗಳು ಸಹಾನುಭೂತಿಯ ಬಾಗಿಲನ್ನು ತೆರೆದವು. 2015ರ ಜನವರಿಯಲ್ಲಿ ಶಂಕರ್ ಅವರ ತಮಿಳು ಚಿತ್ರ ‘ಐ’ ತೆರೆಕಂಡಾಗ, ಅದರಲ್ಲಿಯ ಖಳಪಾತ್ರದ ಚಿತ್ರಣವನ್ನು ಪ್ರತಿಭಟಿಸಿ ಚೆನ್ನೈಯಲ್ಲಿ ಲಿಂಗಾಂತರಿಗಳು ಬೀದಿಗಿಳಿದರು. ಅಮೆರಿಕದಲ್ಲಿ ಸ್ಯಾಮ್ ಫೆಡರ್ ನಿರ್ದೇಶಿಸಿದ 2020ರ ‘ಡಿಸ್‌ಕ್ಲೋಷರ್’ ಎಂಬ ಸಾಕ್ಷ್ಯಚಿತ್ರವು ಲಿಂಗಾಂತರಿ ಕಲಾವಿದರನ್ನೇ ಕೂರಿಸಿ, ಬಾಲ್ಯದಿಂದ ತಾವು ನೋಡಿದ ಹಾಲಿವುಡ್ ಚಿತ್ರಗಳು ತಮ್ಮನ್ನು ಹೇಗೆ ರೂಪಿಸಿದವು, ಹೇಗೆ ನೋಯಿಸಿದವು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿತು. ಅಂಥದೊಂದು ಚಿತ್ರ ಕನ್ನಡದಲ್ಲಿ ಆಗಲೇಬೇಕಾದುದು.

ಸಹಾನುಭೂತಿಯ ಚಿತ್ರಗಳೇ ಇವರಿಗೆ ಪ್ರಿಯವಾಗಿರುವುವೆಂದು ಊಹಿಸುವವರು ಸವಣೂರಿನವಳ ಮಾತನ್ನು ಕೇಳಬೇಕು. ಆಕೆಯ ಮೆಚ್ಚಿನ ಚಿತ್ರ ‘ಕಲ್ಪನಾ’. 2012ರಲ್ಲಿ ಉಪೇಂದ್ರ ನಟಿಸಿದ, ತಮಿಳಿನ ‘ಕಾಂಚನಾ’ದ ಕನ್ನಡ ರೂಪ. ವಿಮರ್ಶಕರು ಗಣನೆಗೆ ತೆಗೆದುಕೊಳ್ಳದ ದೆವ್ವದ ಕಥೆ ಅದು; ಸಾಯಿಕುಮಾರ್ ಅಭಿನಯಿಸಿದ ಲಿಂಗಾಂತರಿ ಪಾತ್ರವು ಅನ್ಯಾಯವಾಗಿ ಹತವಾಗಿ, ಪ್ರೇತವಾಗಿ ಬಂದು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳುತ್ತದೆ. ‘ಉಳದ ಸಿನಿಮಾದಾಗ ನಾವು ಬರೇ ಹೊಡತ ತಿಂತೀವ್ರಿ. ಇದರಾಗ ನಾವು ಹೊಡೀತೀವಿ’ ಎಂದಳು. ಕಲಾಮೌಲ್ಯದ ದೃಷ್ಟಿಯಿಂದ ನಾನು ಆ ಚಿತ್ರವನ್ನು ಮೇಲಿನದೆನ್ನಲಾರೆನು. ಆದರೆ ದಿನವೂ ತುಟಿಕಚ್ಚಿ ಬೀದಿಯಲ್ಲಿ ನಡೆಯಬೇಕಾದವಳಿಗೆ ಆ ಪ್ರೇತದ ಕೋಪವು ಎಂಥ ವಿಶ್ರಾಂತಿಯೆಂಬುದನ್ನು ಆಕೆಯ ಕಣ್ಣುಗಳಲ್ಲಿ ಕಂಡೆನು, ಮತ್ತು ಆ ವಿಶ್ರಾಂತಿಗೆ ಆಕೆ ಹಕ್ಕುದಾರಳೆಂದು ದೃಢವಾಗಿ ನಂಬುತ್ತೇನೆ.

ನಿಜವಾದ ಭಿನ್ನಾಭಿಪ್ರಾಯ ಹುಟ್ಟಿದುದು ‘ಜೋಗವಾ’ ಚಿತ್ರದ ಮಾತು ಬಂದಾಗ. ರಾಜೀವ ಪಾಟೀಲರು ನಿರ್ದೇಶಿಸಿದ, ರಾಜನ್ ಗವಸ್ ಅವರ ಕಾದಂಬರಿಗಳನ್ನು ಆಧರಿಸಿದ, ಉಪೇಂದ್ರ ಲಿಮಯೆಯವರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿಯನ್ನು ತಂದ ಆ ಮರಾಠೀ ಚಿತ್ರವು ಭಾಷೆಯ ಅಡ್ಡಿಯಿಲ್ಲದೆ ಇವರ ಮನೆಗೆ ಹೊಕ್ಕಿದೆ. ಅದರ ದೈವ, ಅದರ ಚೌಡಿಕೆ, ಅದರ ಭಂಡಾರವೆಲ್ಲವೂ ಇವರವೇ. ಬಲವಂತದಿಂದ ದೇವಿಗೆ ಬಿಡಲ್ಪಟ್ಟು ಸೀರೆಯುಡಬೇಕಾಗಿ ಬಂದ ತಾಯಪ್ಪನೆಂಬ ಗಂಡಸು ಆ ಬಂಧನದಿಂದ ಹೊರಬರಲು ಹೋರಾಡುವ ಕಥೆಯನ್ನು ನಾನು ಮಾನವೀಯವೆಂದು ಬಹುಕಾಲದಿಂದ ಮೆಚ್ಚಿಕೊಂಡವನು, ಇಂದಿಗೂ ಮೆಚ್ಚುತ್ತೇನೆ. ಮಕ್ಕಳನ್ನು ದೇವರಿಗೆ ಬಿಡುವ ಕ್ರೌರ್ಯವನ್ನು ಯಾರೂ ಸಮರ್ಥಿಸಲಾರರು, ಹೆಣ್ಣುಮಕ್ಕಳ ಮಟ್ಟಿಗೆ 1982ರ ರಾಜ್ಯದ ಕಾನೂನು ಅದನ್ನು ನಿಷೇಧಿಸಿದೆ. ಆದರೆ ಹಿರಿಯ ಜೋಗಮ್ಮ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: ‘ಅವ ಸೀರಿ ಕಳಚಾಕ ಬಡದಾಡತಾನ. ನಾವು ಉಡಾಕ ಬಡದಾಡೇವಿ. ಅವನ ಕತಿ ಖರೆ ಇದ್ದೀತು. ನಮ್ಮ ಕತಿ ಅಂತ ಅನಬ್ಯಾಡ್ರಿ.’ ಇವಳಿಗೆ ಸೀರೆಯನ್ನು ಕೊಟ್ಟವಳೂ ಯಲ್ಲಮ್ಮನೇ, ಊರಿನಲ್ಲಿ ತಲೆಯೆತ್ತಿ ನಡೆಯುವ ಧೈರ್ಯ ಕೊಟ್ಟವಳೂ ಅವಳೇ. ತಾಯಪ್ಪನ ಬಿಡುಗಡೆಯನ್ನು ಕಂಡು ಚಪ್ಪಾಳೆ ತಟ್ಟುವ ನಾವು, ಅದೇ ತೆರೆಯ ಮೇಲೆ ಇವಳ ಬಿಡುಗಡೆಯನ್ನು ಬಂಧನವೆಂದು ಓದುತ್ತಿರುವೆವೇ ಎಂಬ ಪ್ರಶ್ನೆಯನ್ನು ‘ಜೋಗವಾ’ ಕೇಳುವುದಿಲ್ಲ.

‘ನಾನು ಅವನಲ್ಲ... ಅವಳು’ ಚಿತ್ರದ ನಿರ್ವಾಣದ, ಎಂದರೆ ಲಿಂಗಪರಿವರ್ತನೆಯ ಶಸ್ತ್ರಕ್ರಿಯೆಯ, ಪ್ರಸಂಗದಲ್ಲಿಯೂ ಇದೇ ಭೇದ ಎದ್ದು ಕಂಡಿತು. ಹಿರೇಕೆರೂರಿನ ತರುಣಿ ಆ ದೃಶ್ಯವನ್ನು ಉಸಿರು ಹಿಡಿದು ನೋಡಿದಳು; ಆಕೆಗೆ ಅದು ತಾನು ಕಂಡ ಕನಸು. ಹಿರಿಯಳು ಎದ್ದು ಚಹಾ ಕಾಸಲು ಒಳಗೆ ನಡೆದಳು. ಜೋಗಪ್ಪಂದಿರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ದೇವಿ ಇದ್ದ ದೇಹದಲ್ಲಿಯೇ ಬಂದು ನೆಲಸಿದಳೆಂಬುದು ಅವರ ನಂಬಿಕೆ. ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಚಿತ್ರ ನೋಡುವ ಇವರ ನಡುವೆಯೇ ಇಷ್ಟು ಅಂತರವಿರುವಾಗ, ಲಿಂಗಾಂತರಿಗಳ ಜೀವನವೆಂದು ಒಂದೇ ಕಥೆಯನ್ನು ಹೇಳಿ ಮುಗಿಸುವ ನಿರ್ದೇಶಕರಿಗೆ ನಾನು ಈ ಚಾಪೆಯನ್ನು ತೋರಿಸಬಯಸುತ್ತೇನೆ.

ಸಂಚಾರಿ ವಿಜಯರ ಮೇಲೆ ಮಾತ್ರ ಎಲ್ಲರಿಗೂ ಅಪಾರ ಅಭಿಮಾನ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಅವರು ತೀರಿಕೊಂಡು, ಅವರ ಅಂಗಗಳನ್ನು ದಾನಮಾಡಿದ ಸುದ್ದಿ ಬಂದ ದಿನ ಜಗದ ಮುಂದೆ ಅವರ ಹೆಸರಿನಲ್ಲಿ ದೀಪ ಹಚ್ಚಿದೆನೆಂದು ಮನೆಯೊಡತಿ ಹೇಳಿದಳು. ಆದರೂ ಪಾತ್ರವನ್ನು ಯಾರು ಮಾಡಬೇಕೆಂಬ ಪ್ರಶ್ನೆ ಬಂದಾಗ ಚಾಪೆ ಇಬ್ಭಾಗವಾಯಿತು. ಹಿರಿಯಳಿಗೆ ಗಂಡಸು ಹೆಣ್ಣಿನ ಪಾತ್ರ ಮಾಡುವುದರಲ್ಲಿ ತಪ್ಪೇನೂ ಕಾಣದು. ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕಗಳನ್ನು ನೋಡಿ ಬೆಳೆದ ಸೀಮೆ ಇದು, ಬಾಲಗಂಧರ್ವನು ಉಟ್ಟ ಸೀರೆಯನ್ನು ನೋಡಿ ಮನೆತನದ ಹೆಣ್ಣುಮಕ್ಕಳು ಸೀರೆಯುಡಲು ಕಲಿತ ಕಾಲವೂ ಇದ್ದಿತು. ತರುಣಿ ಬಿಟ್ಟುಕೊಡಲಿಲ್ಲ. ‘ಅವ್ರು ನಮ್ಮ ಪಾತ್ರ ಮಾಡಿದ್ರ ಪ್ರಶಸ್ತಿ. ನಾವು ನಮ್ಮ ಪಾತ್ರ ಮಾಡತೀವಿ ಅಂದ್ರ ಆಫೀಸಿನ ಒಳಗೂ ಬಿಡೂದಿಲ್ಲ’ ಎಂದಳು. ನಾನು ತರುಣಿಯ ಪಕ್ಷ. 2011ರ ತಮಿಳಿನ ‘ನರ್ತಗಿ’ಯಲ್ಲಿ ಕಲ್ಕಿ ಸುಬ್ರಮಣ್ಯಂ ನಾಯಕಿಯಾದರು, ‘ಪೇರನ್ಬು’ ಚಿತ್ರದಲ್ಲಿ ಮಮ್ಮುಟ್ಟಿಯವರೆದುರು ಅಂಜಲಿ ಅಮೀರ್ ನಟಿಸಿದರು, ಚಿಲಿ ದೇಶದ ಡ್ಯಾನಿಯೆಲಾ ವೇಗಾ ನಾಯಕಿಯಾದ ‘ಎ ಫೆಂಟಾಸ್ಟಿಕ್ ವುಮನ್’ 2018ರಲ್ಲಿ ಆಸ್ಕರ್ ಪಡೆಯಿತು, ‘ದಿ ಡೇನಿಷ್ ಗರ್ಲ್’ ಚಿತ್ರದ ನಾಯಕ ಎಡ್ಡಿ ರೆಡ್ಮೇನ್ ತಾನು ಆ ಪಾತ್ರವನ್ನು ಒಪ್ಪಿದ್ದು ತಪ್ಪೆಂದು 2021ರಲ್ಲಿ ಬಾಯಿಬಿಟ್ಟು ಹೇಳಿದರು. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಂಥ ಹಳ್ಳಿ ತನ್ನದೇ ರಂಗಮಂದಿರವನ್ನು ಕಟ್ಟಿಕೊಂಡು ಆಧುನಿಕ ನಾಟಕಗಳನ್ನಾಡುವ ಜಿಲ್ಲೆಯಲ್ಲಿ, ಈ ಹುಡುಗಿಗೆ ಅಭಿನಯ ಕಲಿಸುವವರು ದೊರೆಯರೆಂದು ಹೇಳಲು ಬಾರದು.

ಎಂಥ ಪಾತ್ರ ಬೇಕೆಂದು ಕೇಳಿದೆನು. ಆಕೆ ಮೊದಲೇ ಯೋಚಿಸಿಟ್ಟಿದ್ದಳು: ಟಪಾಲು ಹಂಚುವವಳ ಪಾತ್ರ. ‘ಕತಿ ಮುಗಿಯೂ ತನಕಾ ನಾನು ಗಂಡೋ ಹೆಣ್ಣೋ ಅಂತ ಯಾರೂ ಕೇಳಬಾರದು. ನನ್ನ ಪಾರ್ಸಲ್ಲು ಯಾವಾಗ ಬರತೈತಿ ಅಂತ ಕೇಳಬೇಕು. ಮತ್ತ ಕೊನಿಗೆ ನಾನು ಸಾಯಬಾರದು.’ ಹಿರಿಯಳು ಅದರಲ್ಲಿ ಹಾಡು ಇರುವುದೋ ಇಲ್ಲವೋ ಎಂದು ವಿಚಾರಿಸಿದಳು. ಸವಣೂರಿನವಳು ಒಂದು ದೆವ್ವವಾದರೂ ಇರಲೇಬೇಕೆಂದು ಪಟ್ಟು ಹಿಡಿದಳು. ನಾನು ಕಡೆಯ ಬಸ್ಸಿಗೆ ಹೊರಟು ನಿಂತಾಗಲೂ ಟಪಾಲಿನವಳಿಗೆ ಸೈಕಲ್ಲು ಕೊಡುವುದೋ ಸ್ಕೂಟರು ಕೊಡುವುದೋ ಎಂಬುದು ಇತ್ಯರ್ಥವಾಗಿರಲಿಲ್ಲ.