ಮರದರಿಶಿನ ಉಳಿಯಬೇಕಾದರೆ ಗಂಡು ಬಳ್ಳಿಯೂ ಬೇಕು, ಹೆಣ್ಣು ಬಳ್ಳಿಯೂ ಬೇಕು

ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ದೊಡ್ಡ ಮರಗಳನ್ನು ತಬ್ಬಿ ಮೇಲೇರುವ ಬಳ್ಳಿ ಮರದರಿಶಿನ. ಕಾಂಡ ಕಡಿದರೆ ಒಳಗೆ ಅರಿಶಿನದ ಕೊಂಬಿನಂಥದೇ ಹಳದಿ. ಬರ್ಬೆರಿನ್ ಎಂಬ ಕಹಿ ಅಂಶದಿಂದ ಬಂದ ಬಣ್ಣ ಅದು. ಬಳ್ಳಿಗೆ ಬೇಡಿಕೆ ಬಂದದ್ದೂ ಅದರಿಂದಲೇ. ಗಾಯಕ್ಕೆ, ಜ್ವರಕ್ಕೆ, ಮಧುಮೇಹಕ್ಕೆ ನಾಟಿವೈದ್ಯರು ಇದನ್ನು ಕೊಡುತ್ತಾರೆ. ಹಿಮಾಲಯದ ದಾರುಹರಿದ್ರೆಯ ಬದಲಿಗೆ ದಕ್ಷಿಣದಲ್ಲಿ ಬಳಕೆಯಾಗುವುದೂ ಇದೇ.

ಎಲೆ ಕೊಯ್ದರೆ ಗಿಡ ಮತ್ತೆ ಚಿಗುರೀತು, ಹಣ್ಣು ಹೆಕ್ಕಿದರೆ ಬುಡಕ್ಕೆ ಪೆಟ್ಟಿಲ್ಲ. ಆದರೆ ಮರದರಿಶಿನದ ಮದ್ದು ಇರುವುದು ಕಾಂಡದಲ್ಲಿ, ಬೇರಿನಲ್ಲಿ. ಹಾಗಾಗಿ ಕತ್ತಿ ಬುಡಕ್ಕೇ ಬೀಳುತ್ತದೆ. ಬಲಿತು ಹೂ ಬಿಡಲು ಹಲವು ವರ್ಷ ಹಿಡಿದ ಬಳ್ಳಿ ಒಂದೇ ದಿನದಲ್ಲಿ ಮಾಯ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಇದರ ಗಂಡು ಹೂ ಒಂದು ಬಳ್ಳಿಯಲ್ಲಾದರೆ ಹೆಣ್ಣು ಹೂ ಬೇರೆಯದರಲ್ಲಿ. ಸಮೀಪದಲ್ಲಿ ಗಂಡು ಬಳ್ಳಿ ಇಲ್ಲದಿದ್ದರೆ ಹೆಣ್ಣು ಬಳ್ಳಿ ಹೂವಾದರೂ ಬೀಜ ಕಟ್ಟದು. ಕಾಡಿನ ಒಂದು ತುಣುಕಿನಲ್ಲಿ ಐದಾರು ಬಳ್ಳಿ ಉಳಿದು, ಅಷ್ಟೂ ಗಂಡೇ ಆಗಿದ್ದರೆ ಅಲ್ಲಿ ಹೊಸ ಸಸಿ ಹುಟ್ಟುವುದೇ ಇಲ್ಲ. ಗಣತಿ ಮಾಡುವವರು ಎಷ್ಟು ಬಳ್ಳಿ ಎಂಬುದರ ಜೊತೆಗೆ ಗಂಡೆಷ್ಟು, ಹೆಣ್ಣೆಷ್ಟು ಎಂದೂ ಬರೆದಿಡಬೇಕು. ಇದನ್ನು ಬಿಟ್ಟ ಪಟ್ಟಿ ನಮ್ಮನ್ನು ಸುಳ್ಳು ನೆಮ್ಮದಿಯಲ್ಲಿ ಇಡುತ್ತದೆ.

ನರ್ಸರಿಯಲ್ಲಿ ಬೆಳೆಸಬಹುದಲ್ಲ? ಬೆಳೆಸಬೇಕು, ಆದರೆ ಸುಲಭವಲ್ಲ. ಬೀಜ ಮೊಳೆಯಲು ತಿಂಗಳುಗಟ್ಟಲೆ ಕಾಯಬೇಕು. ಮೊಳೆತ ಸಸಿ ಗಂಡೋ ಹೆಣ್ಣೋ ಎಂದು ತಿಳಿಯುವುದು ಹೂ ಬಿಟ್ಟ ಮೇಲೆ. ಹೂ ನೋಡಿ ಗುರುತು ಹಾಕಿದ ಬಳ್ಳಿಯ ಕಾಂಡದ ತುಂಡು ನೆಟ್ಟರೆ ಹುಟ್ಟುವ ಗಿಡವೂ ಅದೇ ಲಿಂಗದ್ದು, ಅದು ಅನುಕೂಲ. ಆದರೆ ಒಂದೇ ಬಳ್ಳಿಯ ತುಂಡುಗಳನ್ನು ಎಲ್ಲೆಡೆ ಹಂಚಿದರೆ ಅವುಗಳ ಗುಣವೆಲ್ಲ ಒಂದೇ. ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲಬಹುದು. ಬೇರೆ ಬೇರೆ ಕಾಡುಗಳ ಬೀಜವೂ ಬೇಕೇ ಬೇಕು.

ಆ ಬೀಜ ಸಿಗಬೇಕಾದರೆ ಕಾಡಿನಲ್ಲಿ ತಾಯಿಬಳ್ಳಿ ಉಳಿದಿರಬೇಕು. 1993ರಲ್ಲಿ ಅರಣ್ಯ ಇಲಾಖೆಯೂ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯೂ ಸೇರಿ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸತೊಡಗಿದವು. ಆಗುಂಬೆ, ಚಾರ್ಮಾಡಿ, ದೇವಿಮನೆ, ಸುಬ್ರಹ್ಮಣ್ಯ, ಬಯಲುಸೀಮೆಯ ಸಂಡೂರು, ಸಾವನದುರ್ಗ ಇವುಗಳಲ್ಲಿ ಸೇರಿವೆ. ಅಲ್ಲಿ ಕೊಯ್ಲಿಲ್ಲ, ಸಸ್ಯಗಳು ತಮ್ಮ ಪಾಡಿಗೆ ಹೂವಾಗಿ, ಕಾಯಾಗಿ, ಹಕ್ಕಿ-ಪ್ರಾಣಿಗಳ ಮೂಲಕ ಹರಡಲಿ ಎಂಬುದು ಉದ್ದೇಶ.

ಕಾಡಿನಿಂದ ತಂದ ಮರದರಿಶಿನವನ್ನು ಹೊರದೇಶಕ್ಕೆ ಕಳಿಸುವುದಕ್ಕೆ ನಿಷೇಧವಿದೆ. ದೇಶದೊಳಗಿನ ಬೇಡಿಕೆ ಮಾತ್ರ ಹಾಗೆಯೇ ಇದೆ. ಔಷಧ ತಯಾರಿಸುವವರು ತೋಟದಲ್ಲಿ ಬೆಳೆದ ಕಾಂಡಕ್ಕೆ ಹೆಚ್ಚು ಬೆಲೆ ಕೊಟ್ಟು, ಮುಂಗಡ ಒಪ್ಪಂದವನ್ನೂ ಮಾಡಿಕೊಂಡರೆ ಮಲೆನಾಡಿನ ರೈತರು ಅಡಿಕೆ ತೋಟದ ಅಂಚಿನ ಮರಗಳಿಗೆ ಈ ಬಳ್ಳಿ ಹಬ್ಬಿಸಲು ಮುಂದೆ ಬಂದಾರು.