ಹತ್ತು ಮೈಕ್ರಾನ್ ದಪ್ಪದ ಹೂವು

ಬಿ.ಜಿ.ಎಲ್. ಸ್ವಾಮಿ (1918–1980) ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ‘ಹಸುರು ಹೊನ್ನು’. ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಅಲೆಯುವ ಮೇಷ್ಟರು, ಅವರ ತುಂಟ ಮಾತು, ಅವರೇ ಬರೆದ ಗಿಡಗಳ ರೇಖಾಚಿತ್ರ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರನ್ನು ಹೊರದೇಶದ ಸಸ್ಯವಿಜ್ಞಾನಿಗಳು ಬಲ್ಲದ್ದು ಬೇರೊಂದು ಕಾರಣಕ್ಕೆ. ಹೂವಿನ, ಕಾಂಡದ ಒಳಗಿನ ರಚನೆಯನ್ನು ಅವರು ಪದರ ಪದರವಾಗಿ ಬಿಡಿಸಿ ನೋಡಿದ್ದರು. ಆ ನೋಟದ ಹಿಂದೆ ಎಷ್ಟು ಕೈಕೆಲಸವಿತ್ತು ಎಂಬುದು ಪ್ರಬಂಧಗಳಲ್ಲಿ ಕಾಣುವುದಿಲ್ಲ. ಅಲ್ಲಿರುವುದು ಚಿತ್ರ ಮತ್ತು ತೀರ್ಮಾನ ಮಾತ್ರ.

ಸೀತಾಳೆದಂಡೆಯ ಬಳಗವಾದ ಆರ್ಕಿಡ್‌ಗಳು ಸ್ವಾಮಿಯವರು ಬಹುಕಾಲ ಅಭ್ಯಾಸ ಮಾಡಿದ ಗುಂಪು. ಇವುಗಳಲ್ಲಿ ಒಂದು ವಿಚಿತ್ರವಿದೆ. ಹೂ ಅರಳಿದಾಗ ಅದರ ಅಂಡಾಶಯದಲ್ಲಿ ಅಂಡಕಗಳು, ಅಂದರೆ ಮುಂದೆ ಬೀಜವಾಗಬೇಕಾದ ಕಣಗಳು, ಸಾಮಾನ್ಯವಾಗಿ ಪೂರ್ತಿ ಬೆಳೆದಿರುವುದಿಲ್ಲ. ಪರಾಗಸ್ಪರ್ಶವಾದ ಮೇಲೇ ಅವು ಬಲಿಯತೊಡಗುತ್ತವೆ. ಗರ್ಭಕಟ್ಟಲು ಕೆಲವು ಜಾತಿಗಳಲ್ಲಿ ವಾರಗಳು, ಕೆಲವಲ್ಲಿ ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಒಂದು ಹೂ ಕಿತ್ತರೆ ಸಾಲದು. ಒಂದೇ ಜಾತಿಯ ಹೂಗಳನ್ನು ಬೇರೆ ಬೇರೆ ಹಂತಗಳಲ್ಲಿ ಹಿಡಿಯಬೇಕು.

ಕಿತ್ತ ಗಳಿಗೆಯಲ್ಲೇ ಅಂಡಾಶಯ ಸೀಸೆಯೊಳಕ್ಕೆ ಹೋಗುತ್ತದೆ. ಸೀಸೆಯಲ್ಲಿರುವುದು ಆಲ್ಕೊಹಾಲ್, ಫಾರ್ಮಲಿನ್, ಅಸೆಟಿಕ್ ಆಮ್ಲಗಳ ಮಿಶ್ರಣ. ವಾಡಿಕೆಯ ಪ್ರಮಾಣ 90:5:5. ಜೀವಕೋಶ ಆ ಕ್ಷಣ ಏನು ಮಾಡುತ್ತಿತ್ತೋ ಅದೇ ಸ್ಥಿತಿಯಲ್ಲಿ ಅದನ್ನು ನಿಲ್ಲಿಸುವುದು ಇದರ ಕೆಲಸ. ಮನೆಗೆ ಬಂದು ಮಾಡೋಣವೆಂದರೆ ಕೋಶಗಳು ಬಾಡಿ ಕೆಟ್ಟಿರುತ್ತವೆ. ಕಾಡಿಗೆ ಹೊರಟ ಸಸ್ಯವಿಜ್ಞಾನಿಯ ಚೀಲದಲ್ಲಿ ಬುತ್ತಿ ಮರೆತರೂ ಸೀಸೆ ಮರೆಯುವಂತಿಲ್ಲ.

ಪ್ರಯೋಗಾಲಯದಲ್ಲಿ ಮೊದಲ ಕೆಲಸ ನೀರು ತೆಗೆಯುವುದು. ಮೇಣ ನೀರಿನೊಂದಿಗೆ ಬೆರೆಯದು. ಅಂಗಾಂಶದ ಒಳಕ್ಕೆ ಮೇಣ ಇಳಿಯಬೇಕಾದರೆ ನೀರು ಪೂರ್ತಿ ಹೊರಗೆ ಬರಬೇಕು. ಹಾಗೆಂದು ನೇರವಾಗಿ ಶುದ್ಧ ಆಲ್ಕೊಹಾಲಿಗೆ ಹಾಕಿದರೆ ಕೋಶಗಳು ಮುದುಡುತ್ತವೆ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಆಲ್ಕೊಹಾಲಿನ ಸಾಂದ್ರತೆ ಏರಿಸುತ್ತಾರೆ. ಆಮೇಲೆ ಆಲ್ಕೊಹಾಲಿನ ಬದಲು ಕ್ಸೈಲಾಲ್, ಅದರ ಬದಲು ಕರಗಿದ ಪ್ಯಾರಾಫಿನ್ ಮೇಣ. ಒಲೆಯ ಶಾಖ 60 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಹೆಚ್ಚಾದರೆ ಅಂಗಾಂಶ ಗಡುಸಾಗಿ ಪುಡಿಯಾಗುತ್ತದೆ. ಈ ಹಂತಗಳೆಲ್ಲ ಸೇರಿ ದಿನಗಟ್ಟಲೆಯ ಕೆಲಸ. ಕೊನೆಗೆ ಮೇಣವನ್ನು ಅಚ್ಚಿಗೆ ಹೊಯ್ದು, ಅಂಡಾಶಯವನ್ನು ಬೇಕಾದ ದಿಕ್ಕಿಗೆ ತಿರುಗಿಸಿ ಕೂರಿಸಿ, ತಣಿಸುತ್ತಾರೆ. ಇದೇ ‘ಬ್ಲಾಕ್’.

ಬ್ಲಾಕನ್ನು ಕೊಯ್ಯುವ ಯಂತ್ರ ಮೈಕ್ರೊಟೋಮ್. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಸೆಕ್ಷನ್. ದಪ್ಪ ಸುಮಾರು 10 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲು ಸಾಮಾನ್ಯವಾಗಿ 70 ಮೈಕ್ರಾನಿನಷ್ಟಿರುತ್ತದೆ. ಅಲಗನ್ನು ಕ್ಷೌರದ ಕತ್ತಿಯಂತೆ ಚರ್ಮದ ಪಟ್ಟಿಯ ಮೇಲೆ ಆಗಾಗ ಮಸೆಯಬೇಕು. ಅಲಗಿನಲ್ಲಿ ಕಣ್ಣಿಗೆ ಕಾಣದ ಮುಕ್ಕಿದ್ದರೂ ಪ್ರತಿ ಸೆಕ್ಷನ್ನಿನಲ್ಲಿ ಅದೇ ಜಾಗದಲ್ಲಿ ಗೀರು. ಎಲ್ಲ ಸರಿಯಾಗಿದ್ದರೆ ಒಂದರ ಅಂಚಿಗೆ ಇನ್ನೊಂದು ಅಂಟಿಕೊಂಡು ರಿಬ್ಬನ್ ಇಳಿಯುತ್ತದೆ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ರಿಬ್ಬನ್ನಿನ ತುಂಡುಗಳನ್ನು ಕುಂಚದ ತುದಿಯಿಂದ ಎತ್ತಿ, ಕ್ರಮ ತಪ್ಪದಂತೆ, ಮೊಟ್ಟೆಯ ಬಿಳಿಭಾಗ ಸವರಿದ ಗಾಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ಹಗುರ ಶಾಖಕ್ಕೆ ಸುಕ್ಕು ಬಿಡುತ್ತದೆ. ಮೇಣ ಕರಗಿಸಿ ತೆಗೆದ ಮೇಲೆ ಬಣ್ಣ: ಸ್ಯಾಫ್ರನಿನ್ ಹಾಕಿದರೆ ಕೋಶಕೇಂದ್ರಗಳೂ ಮರಗಟ್ಟಿದ ಭಿತ್ತಿಗಳೂ ಕೆಂಪಾಗುತ್ತವೆ; ಫಾಸ್ಟ್ ಗ್ರೀನ್ ಉಳಿದ ಭಾಗಕ್ಕೆ ಹಸುರು ಹಿಡಿಸುತ್ತದೆ.

ನಿಜವಾದ ಪರೀಕ್ಷೆ ಇನ್ನು ಮುಂದೆ. ಅಂಡಕದೊಳಗಿನ ಭ್ರೂಣಚೀಲ ಒಂದೇ ಸೆಕ್ಷನ್ನಿನಲ್ಲಿ ಪೂರ್ತಿ ಸಿಗುವುದು ಅದೃಷ್ಟ. ಒಂದು ಕೋಶಕೇಂದ್ರ ಇದರಲ್ಲಿ, ಮತ್ತೆರಡು ಪಕ್ಕದ್ದರಲ್ಲಿ, ಉಳಿದವು ಅದರಾಚೆ. ಸೂಕ್ಷ್ಮದರ್ಶಕದ ಕಣ್ಣುಗಾಜಿಗೆ ಕ್ಯಾಮೆರಾ ಲೂಸಿಡಾ ಎಂಬ ಪಟ್ಟಕ-ಕನ್ನಡಿಯ ಸಾಧನ ಜೋಡಿಸಿದರೆ, ಕೆಳಗಿನ ಕೋಶ, ಪಕ್ಕದ ಕಾಗದ, ಪೆನ್ಸಿಲಿನ ಮೊನೆ ಮೂರೂ ಒಂದೇ ನೋಟದಲ್ಲಿ ಕಾಣುತ್ತವೆ. ಬೆಳಕು ಸ್ವಲ್ಪ ಹೆಚ್ಚಾದರೆ ಪೆನ್ಸಿಲು ಮಾಯ, ಕಡಿಮೆಯಾದರೆ ಕೋಶ ಮಾಯ. ಒಂದರ ಮೇಲೊಂದು ಸೆಕ್ಷನ್ ಬರೆದು, ಎಲ್ಲವನ್ನೂ ಕೂಡಿಸಿದಾಗ ಭ್ರೂಣಚೀಲದ ಪೂರ್ಣ ಚಿತ್ರ. ಛಾಯಾಚಿತ್ರ ಒಂದು ತಲವನ್ನಷ್ಟೇ ಹಿಡಿದೀತು. ಈ ಕೂಡಿಕೆ ಆಗ ಕೈಗೇ ಬಿಟ್ಟದ್ದಾಗಿತ್ತು.

ಮರಕ್ಕೆ ಇನ್ನೊಂದು ವಿಧಾನ. ಹಾರ್ವರ್ಡಿನ ಇರ್ವಿಂಗ್ ಬೇಯ್ಲಿಯವರ ಜೊತೆ ಕೆಲಸ ಮಾಡಿದ ಸ್ವಾಮಿ 1950ರಲ್ಲಿ, ಸಾರ್ಕಾಂಡ್ರಾ ಎಂಬ ಪೊದೆಗಿಡದ ಕುಲಕ್ಕೆ ನಾಳಗಳೇ ಇಲ್ಲವೆಂದು ಅವರೊಂದಿಗೆ ಸೇರಿ ಬರೆದರು. ಹೂಬಿಡುವ ಗಿಡಗಳಲ್ಲಿ ನೀರು ಸಾಗಿಸುವ, ತುದಿ ತೂತಾದ ಕೋಶಗಳ ಕೊಳವೆಗೆ ನಾಳವೆಂದು ಹೆಸರು. ಅದಿಲ್ಲದ ಹೂಗಿಡ ಬಲು ಅಪರೂಪ. ಇಂಥ ಮಾತು ಹೇಳಲು ಮರದ ಚೂರನ್ನು ಕ್ರೋಮಿಕ್, ನೈಟ್ರಿಕ್ ಆಮ್ಲಗಳಲ್ಲಿ ನೆನೆಸಿ, ಕೋಶಗಳ ನಡುವಿನ ಅಂಟು ಕಳಚಿ, ಬಿಡಿಬಿಡಿಯಾದ ಕೋಶಗಳ ತುದಿ ನೋಡುವುದು ರೂಢಿ. ‘ಇದೆ’ ಎನ್ನಲು ತೂತಿರುವ ಒಂದು ಕೋಶ ಸಾಕು. ‘ಇಲ್ಲ’ ಎನ್ನಲು ಎಷ್ಟು ನೋಡಿದರೂ ಸಾಲದು. ದಕ್ಷಿಣ ಭಾರತದ ಒಂದು ಸಾರ್ಕಾಂಡ್ರಾಕ್ಕೆ ಸ್ವಾಮಿ ಗುರುವಿನ ಹೆಸರಿಟ್ಟರು: ಸಾರ್ಕಾಂಡ್ರಾ ಇರ್ವಿಂಗ್‌ಬೇಯ್ಲಿ. ಮುಂದೆ 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಇದೇ ಕುಲದ ಬೇರಿನಲ್ಲಿ ನಾಳಗಳಿವೆಯೆಂದು ತೋರಿಸಿಕೊಟ್ಟರು.