ನಮ್ಮ ಬಟ್ಟೆ, ನಮ್ಮ ಧ್ವಜ

ಮಕ್ಕಳೇ, ವರ್ಷದಲ್ಲಿ ನಾಲ್ಕು ದಿನ ನಿಮ್ಮ ಶಾಲೆಯ ಅಂಗಳದಲ್ಲಿ ರಾಷ್ಟ್ರಧ್ವಜ ಹಾರುತ್ತದೆ. ಜನವರಿ 26, ಮೇ 1, ಆಗಸ್ಟ್ 15 ಮತ್ತು ಸಪ್ಟೆಂಬರ್ 17. ಮೊದಲ ಮೂರು ದಿನ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿಯೂ ಧ್ವಜ ಹಾರಿಸುತ್ತಾರೆ. ನಾಲ್ಕನೆಯದು ನಮ್ಮ ಮರಾಠವಾಡಾದ ವಿಶೇಷ ದಿನ. 1948ರಲ್ಲಿ ಆ ದಿನ ನಿಜಾಮನ ಆಳ್ವಿಕೆ ಕೊನೆಗೊಂಡಿತು. ಗುಂಜೋಟಿ, ಉಮರ್ಗಾ, ನಿಲಂಗಾ, ಉದಗೀರ ಮೊದಲಾದ ಊರುಗಳ ಜನ ಸ್ವತಂತ್ರ ಭಾರತಕ್ಕೆ ಸೇರಿದರು.

ಧ್ವಜ ಏರಿಸಿ, ವಂದಿಸಿ, ಹಾಡು ಹಾಡುತ್ತೀರಿ. ಆದರೆ ಆ ಧ್ವಜದ ಬಟ್ಟೆ ಯಾವುದು, ಅದನ್ನು ಯಾರು ನೇಯ್ದರು ಎಂದು ಎಂದಾದರೂ ಕೇಳಿದ್ದೀರಾ? ಈ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಮೊದಲು ಬಟ್ಟೆಯ ಗುಣಗಳನ್ನು ತಿಳಿಯಬೇಕು.

ನಿಮ್ಮ ಹಳೆಯ ಅಂಗಿಯ ಹರಿದ ಅಂಚನ್ನು ನೋಡಿರಿ. ಅಲ್ಲಿ ದಾರಗಳು ಜೋತಾಡುತ್ತವೆ. ಒಂದು ದಾರವನ್ನು ಹಿಡಿದು ಹುರಿ ಬಿಚ್ಚಿರಿ. ಕೂದಲಿಗಿಂತ ಸಣ್ಣ ಎಳೆಗಳು ಕಾಣುತ್ತವೆ. ಇವೇ ನೂಲೆಳೆಗಳು. ಎಳೆಗಳನ್ನು ಹುರಿ ಮಾಡಿದರೆ ನೂಲು. ನೂಲನ್ನು ಹಾಸು ಹೊಕ್ಕಾಗಿ ನೇಯ್ದರೆ ಬಟ್ಟೆ. ಎಳೆ ಎಂಥದೋ ಬಟ್ಟೆ ಅಂಥದು.

ಎಳೆಗಳಲ್ಲಿ ಎರಡು ಬಗೆ. ನಿಸರ್ಗದಲ್ಲಿ ದೊರೆಯುವವು ನೈಸರ್ಗಿಕ ಎಳೆಗಳು. ಕಾರಖಾನೆಯಲ್ಲಿ ಮನುಷ್ಯನು ತಯಾರಿಸುವವು ಕೃತಕ ಎಳೆಗಳು.

ಮೊದಲು ಹತ್ತಿಯನ್ನು ನೋಡೋಣ. ನಮ್ಮ ಕರಿಯ ಎರೆಭೂಮಿಯಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಕಾಯಿ ಬಲಿತು ಒಡೆದಾಗ ಬಿಳಿಯ ಅರಳೆ ಹೊರಗೆ ಇಣುಕುತ್ತದೆ. ಪ್ರತಿಯೊಂದು ಎಳೆಯೂ ಬೀಜದ ಮೇಲೆ ಬೆಳೆದ ಕೂದಲು. ಹತ್ತಿ ನೀರನ್ನು ಹೀರುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ಹತ್ತಿಯ ಅಂಗಿ ಹಿತವಾಗಿರುತ್ತದೆ. ಅದು ಮೈಯ ಬೆವರನ್ನು ಹೀರಿ ಗಾಳಿಗೆ ಬಿಡುತ್ತದೆ. ಹತ್ತಿಗೆ ಇನ್ನೊಂದು ಗುಣವೂ ಇದೆ. ಅದು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಅಗಸರು ಬಂಡೆಯ ಮೇಲೆ ಬಡಿದು ಒಗೆದರೂ ಅದು ತಾಳಿಕೊಳ್ಳುತ್ತದೆ. ಹಳೆಯದಾದ ಹತ್ತಿಯ ಸೀರೆಯನ್ನು ಅಜ್ಜಿ ಬಿಸಾಡುವುದಿಲ್ಲ. ಪದರ ಪದರವಾಗಿ ಹೊಲಿದು ಕೌದಿ ಮಾಡುತ್ತಾಳೆ. ಆದರೆ ಹತ್ತಿಯ ಬಟ್ಟೆ ಬೇಗ ಸುಕ್ಕಾಗುತ್ತದೆ, ನಿಧಾನವಾಗಿ ಒಣಗುತ್ತದೆ.

ಪುಂಡಿಪಲ್ಯವನ್ನು ನೀವು ರೊಟ್ಟಿಯೊಡನೆ ತಿಂದಿದ್ದೀರಿ. ಅದೇ ಪುಂಡಿಯ ಕಡ್ಡಿಯನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸುತ್ತಾರೆ. ಆ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಇದು ಒರಟು, ಆದರೆ ಬಲವಾದುದು. ಬಂಗಾಲದಲ್ಲಿ ಬೆಳೆಯುವ ಸೆಣಬಿನಿಂದ ಗೋಣಿಚೀಲ ಮಾಡುತ್ತಾರೆ.

ಕುರಿಯ ತುಪ್ಪಟವೇ ಉಣ್ಣೆ. ಉಣ್ಣೆಯ ಎಳೆ ನೆಟ್ಟಗಿರುವುದಿಲ್ಲ, ಸುರುಳಿ ಸುರುಳಿಯಾಗಿರುತ್ತದೆ. ಸುರುಳಿಗಳ ನಡುವೆ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ಮೈಯ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ. ಕುರಿ ಕಾಯುವವರು ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆ ಚಳಿಗಳಲ್ಲಿ ನಿಲ್ಲುವುದು ಇದರಿಂದಲೇ. ರೇಷ್ಮೆಯನ್ನು ಹುಳು ತನ್ನ ಗೂಡಿಗಾಗಿ ನೂಲುತ್ತದೆ. ಒಂದು ಗೂಡಿನಿಂದ ನೂರಾರು ಮೀಟರ್ ಉದ್ದದ ಒಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಅದರ ಹೊಳಪಿಗೆ ಸಾಟಿ ಇಲ್ಲ, ಬೆಲೆಯೂ ಹೆಚ್ಚು.

ಈಗ ಕೃತಕ ಎಳೆಗಳತ್ತ ಬರೋಣ. ಶೇವು ಒತ್ತುವಾಗ ಹಿಟ್ಟು ಸಣ್ಣ ರಂಧ್ರಗಳಿಂದ ಎಳೆಯಾಗಿ ಇಳಿಯುವುದನ್ನು ನೀವು ನೋಡಿದ್ದೀರಿ. ಕೃತಕ ಎಳೆಗಳನ್ನು ಹೆಚ್ಚುಕಡಿಮೆ ಹಾಗೆಯೇ ಮಾಡುತ್ತಾರೆ. ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ, ಅತಿ ಸಣ್ಣ ರಂಧ್ರಗಳಿಂದ ಒತ್ತಿದರೆ ರೇಯಾನ್ ಆಗುತ್ತದೆ. ಅದು ರೇಷ್ಮೆಯಂತೆ ಹೊಳೆಯುತ್ತದೆ. ಆದರೆ ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ. ಇಳಕಲ್ ಸೀರೆಯ ಅಂಚಿನಲ್ಲಿ ಕೆಲವರು ರೇಷ್ಮೆಯ ಬದಲು ಇಂಥ ಕೃತಕ ರೇಷ್ಮೆಯನ್ನು ಬಳಸುತ್ತಾರೆ.

ನೈಲಾನ್ ಮತ್ತು ಪಾಲಿಯೆಸ್ಟರ್ ಎಳೆಗಳು ಮುಖ್ಯವಾಗಿ ಭೂಗರ್ಭದ ಕಲ್ಲೆಣ್ಣೆಯಿಂದ ದೊರೆಯುವ ವಸ್ತುಗಳಿಂದ ಆಗುತ್ತವೆ. 1935ರಲ್ಲಿ ಅಮೇರಿಕೆಯ ವಿಜ್ಞಾನಿ ವಾಲೇಸ್ ಕರೋಥರ್ಸ್ ನೈಲಾನನ್ನು ತಯಾರಿಸಿದನು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದರು. ನೈಲಾನ್ ಬಹಳ ಗಟ್ಟಿ. ಮೀನು ಹಿಡಿಯುವ ಬಲೆ, ಹಗ್ಗಗಳಿಗೆ ಅದು ಒಳ್ಳೆಯದು. ಪಾಲಿಯೆಸ್ಟರ್ ಸುಕ್ಕಾಗುವುದಿಲ್ಲ. ಬೇಗ ಒಣಗುತ್ತದೆ. ಹುಳ ಹಿಡಿಯುವುದಿಲ್ಲ. ಬಹಳ ದಿನ ಬಾಳುತ್ತದೆ, ಬೆಲೆಯೂ ಕಡಿಮೆ. ನಿಮ್ಮ ಶಾಲೆಯ ಸಮವಸ್ತ್ರ ಟೆರಿಕಾಟಿನದಾಗಿದ್ದರೆ ಅದರಲ್ಲಿ ಪಾಲಿಯೆಸ್ಟರ್ ಮತ್ತು ಹತ್ತಿ ಎರಡೂ ಬೆರೆತಿರುತ್ತವೆ.

ಹಾಗಾದರೆ ಕೃತಕ ಬಟ್ಟೆಗೆ ದೋಷವೇ ಇಲ್ಲವೇ? ಇದೆ. ಒಣಗಿದಂತೆ ಕಾಣುವ 100 ಗ್ರಾಂ ಹತ್ತಿಯಲ್ಲಿಯೂ ಸುಮಾರು 8 ಗ್ರಾಂ ನೀರಿನ ಅಂಶ ಇರುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರಿನಲ್ಲಿ ಅರ್ಧ ಗ್ರಾಮಿನಷ್ಟೂ ಇರುವುದಿಲ್ಲ. ಅದು ಬೆವರನ್ನು ಹೀರುವುದಿಲ್ಲ. ಬಿಸಿಲಿನಲ್ಲಿ ಮೈಗೆ ಅಂಟಿ ಕಸಿವಿಸಿ ಮಾಡುತ್ತದೆ.

ಇನ್ನೊಂದು ದೋಷ ಅಪಾಯದ್ದು. ಇದನ್ನು ಚೆನ್ನಾಗಿ ನೆನಪಿಡಿರಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಉಣ್ಣೆ ಮತ್ತು ರೇಷ್ಮೆ ನಿಧಾನವಾಗಿ ಉರಿಯುತ್ತವೆ, ಕೂದಲು ಸುಟ್ಟ ವಾಸನೆ ಬರುತ್ತದೆ. ನೈಲಾನ್ ಮತ್ತು ಪಾಲಿಯೆಸ್ಟರ್ ಮಾತ್ರ ಕರಗಿ ಅಂಟಾಗುತ್ತವೆ. ಆ ಅಂಟು ಚರ್ಮಕ್ಕೆ ಹತ್ತಿಕೊಂಡರೆ ಗಾಯ ಆಳವಾಗುತ್ತದೆ. ಆದ್ದರಿಂದ ಒಲೆಯ ಮುಂದೆ ಕೂಡುವಾಗ, ದೀಪಾವಳಿಯಲ್ಲಿ ಸುರಸುರಬತ್ತಿ ಹಚ್ಚುವಾಗ ನೈಲಾನಿನ ಲಂಗ, ತೆಳುವಾದ ಕೃತಕ ಓಢಣಿ ಬೇಡ. ಮೈಗೆ ಅಂಟಿಕೊಂಡು ನಿಲ್ಲುವ ಹತ್ತಿಯ ಬಟ್ಟೆ ತೊಡಿರಿ. ಅವ್ವನಿಗೂ ಅಕ್ಕನಿಗೂ ಈ ಮಾತು ಹೇಳಿರಿ. ಬಟ್ಟೆಗೆ ಕಿಡಿ ತಗಲಿದರೆ ಓಡಬಾರದು. ನೆಲದ ಮೇಲೆ ಮಲಗಿ ಉರುಳಬೇಕು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಧ್ವಜದ ಬಟ್ಟೆ ಯಾವುದು?

ಬಹಳ ವರ್ಷಗಳವರೆಗೆ ರಾಷ್ಟ್ರಧ್ವಜವನ್ನು ಖಾದಿಯಿಂದಲೇ ಮಾಡಬೇಕೆಂಬ ನಿಯಮವಿತ್ತು. ಖಾದಿ ಎಂದರೆ ಕೈಯಿಂದ ನೂತು, ಕೈಮಗ್ಗದಲ್ಲಿ ನೇಯ್ದ ಹತ್ತಿ, ಉಣ್ಣೆ ಅಥವಾ ರೇಷ್ಮೆಯ ಬಟ್ಟೆ. ನಿಮ್ಮ ಪಕ್ಕದ ಉದಗೀರಿನಲ್ಲಿಯೇ ಇಂಥ ಬಟ್ಟೆ ನೇಯುತ್ತ ಬಂದಿದ್ದಾರೆ! ನಾಂದೇಡದ ಮರಾಠವಾಡಾ ಖಾದಿ ಗ್ರಾಮೋದ್ಯೋಗ ಸಮಿತಿಯಲ್ಲಿ ಅದನ್ನು ಧ್ವಜವಾಗಿ ಹೊಲಿಯುತ್ತಾರೆ. ಕರ್ನಾಟಕದ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರಲ್ಲಿ ಹುಟ್ಟಿದ ಈ ಸಂಘಕ್ಕೆ 2006ರಲ್ಲಿ ಧ್ವಜ ತಯಾರಿಸುವ ಪರವಾನಗಿ ದೊರೆಯಿತು. ಅದಕ್ಕೆ ಬೇಕಾದ ಬಟ್ಟೆಯನ್ನು ಬಾಗಲಕೋಟೆ ಹತ್ತಿರದ ತುಳಸಿಗೇರಿಯಲ್ಲಿ ನೇಯುತ್ತಾರೆ. ಅಲ್ಲಿ ನೂಲುವವರು, ನೇಯುವವರು, ಹೊಲಿಯುವವರು ಬಹುಮಟ್ಟಿಗೆ ಹೆಣ್ಣುಮಕ್ಕಳೇ.

ಧ್ವಜದ ಕೆಲಸ ಸುಲಭವಲ್ಲ. ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು ಇರಬೇಕು. ಮೂರು ಬಣ್ಣದ ಪಟ್ಟಿಗಳೂ ಸಮನಾಗಿರಬೇಕು. ಚಕ್ರದಲ್ಲಿ 24 ಅರಗಳಿರಬೇಕು. ಬಣ್ಣ ಬಿಸಿಲಿಗೆ ಮಾಸಬಾರದು, ಮಳೆಗೆ ಬಿಡಬಾರದು. ಹಾರುವ ಭಾಗಕ್ಕೆ ತೆಳುವಾದ ಬಟ್ಟೆ ಬೇಕು. ಹಗ್ಗ ಸೇರುವ ಕಡೆಗೆ ದಪ್ಪ, ಗಟ್ಟಿಯಾದ ಬಟ್ಟೆ ಬೇಕು.

2021ರ ಡಿಸೆಂಬರ್ ತಿಂಗಳಲ್ಲಿ ನಿಯಮ ಬದಲಾಯಿತು. ಯಂತ್ರದಲ್ಲಿ ನೇಯ್ದ ಬಟ್ಟೆ ಮತ್ತು ಪಾಲಿಯೆಸ್ಟರಿನಿಂದಲೂ ಧ್ವಜ ಮಾಡಬಹುದೆಂದು ಸರಕಾರ ಒಪ್ಪಿತು. 2022ರಲ್ಲಿ ಸ್ವಾತಂತ್ರ್ಯದ 75 ವರ್ಷಗಳ ಹಬ್ಬಕ್ಕೆ ಮನೆ ಮನೆಯ ಮೇಲೆ ಧ್ವಜ ಹಾರಿಸುವ ಅಭಿಯಾನ ನಡೆಯಿತು. ಕಡಿಮೆ ಬೆಲೆಯ ಧ್ವಜ ಬೇಗ ಬೇಗ ತಯಾರಾದುದರಿಂದ ಬಡವರ ಮನೆಯ ಮೇಲೂ ಧ್ವಜ ಹಾರಿತು. ಇದು ಸಂತೋಷದ ಮಾತು. ಆದರೆ ಬೆಂಗೇರಿಯ ಕೆಲಸಗಾರರಿಗೆ ಚಿಂತೆ ಹತ್ತಿತು. ಯಂತ್ರದ ಧ್ವಜ ಬಂದರೆ ಕೈಯಿಂದ ನೂಲುವವರ ಗತಿ ಏನು? ಅವರು ತಮ್ಮ ಅಳಲನ್ನು ಎತ್ತಿ ಹೇಳಿದರು.

ಇಲ್ಲಿ ಬಟ್ಟೆಯ ಗುಣವನ್ನು ಮತ್ತೊಮ್ಮೆ ಯೋಚಿಸಿರಿ. ಆಗಸ್ಟ್ ತಿಂಗಳ ಮಳೆಯಲ್ಲಿ ಪಾಲಿಯೆಸ್ಟರ್ ಧ್ವಜ ಬೇಗ ಒಣಗುತ್ತದೆ. ಖಾದಿ ಧ್ವಜ ನೀರು ಹೀರಿ ಭಾರವಾಗುತ್ತದೆ. ಆದರೆ ಧ್ವಜ ಹರಿದು ಹಳೆಯದಾದ ಮೇಲೆ? ಅದನ್ನು ಕಸದಲ್ಲಿ ಎಸೆಯಬಾರದು. ಗೌರವದಿಂದ, ಏಕಾಂತದಲ್ಲಿ, ಸಾಧ್ಯವಾದರೆ ಸುಟ್ಟು ಮುಗಿಸಬೇಕೆಂದು ಧ್ವಜಸಂಹಿತೆ ಹೇಳುತ್ತದೆ. ಹತ್ತಿಯ ಖಾದಿ ಸುಟ್ಟರೆ ಹಿಡಿ ಬೂದಿಯಾಗಿ ಮಣ್ಣಿಗೆ ಸೇರುತ್ತದೆ. ಪಾಲಿಯೆಸ್ಟರ್ ಕರಿಹೊಗೆ ಬಿಟ್ಟು ಗಟ್ಟಿ ಉಂಡೆಯಾಗುತ್ತದೆ. ದಾರಿಯಲ್ಲಿ ಬಿದ್ದರೆ ವರ್ಷಗಟ್ಟಲೆ ಕೊಳೆಯುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಅಂಗೈಯಷ್ಟು ಹಳೆಯ ಹತ್ತಿ ಬಟ್ಟೆ ಮತ್ತು ಅಷ್ಟೇ ಪಾಲಿಯೆಸ್ಟರ್ ಬಟ್ಟೆ ತೆಗೆದುಕೊಳ್ಳಿರಿ. ಎರಡರ ಮೇಲೂ ಒಂದೊಂದು ಹನಿ ನೀರು ಹಾಕಿರಿ. ಯಾವುದು ಬೇಗ ಹೀರುತ್ತದೆ? ಎರಡನ್ನೂ ನೆನೆಸಿ ಹಗ್ಗಕ್ಕೆ ಹಾಕಿರಿ. ಯಾವುದು ಮೊದಲು ಒಣಗುತ್ತದೆ? ಬಳಿಕ ಎರಡನ್ನೂ ಶಾಲೆಯ ತೋಟದ ಹಸಿ ಮಣ್ಣಿನಲ್ಲಿ ಗೇಣುದ್ದ ಆಳಕ್ಕೆ ಹೂಳಿರಿ. ಗುರುತಿಗೆ ಕಡ್ಡಿ ನೆಡಿರಿ. ಮಣ್ಣು ಒಣಗದಂತೆ ಆಗಾಗ ನೀರು ಹಾಕಿರಿ. ಮೂರು ತಿಂಗಳ ಮೇಲೆ ಅಗೆದು ನೋಡಿ, ಕಂಡುದನ್ನು ಬರೆಯಿರಿ. ಬಟ್ಟೆಯನ್ನು ಸುಟ್ಟು ನೋಡುವ ಪ್ರಯೋಗವನ್ನು ಮಾತ್ರ ನೀವು ಮಾಡಬಾರದು. ಅದನ್ನು ಗುರುಗಳು ಚಿಮಟಿಗೆ ಹಿಡಿದು ಮಾಡಿ ತೋರಿಸುತ್ತಾರೆ.

ಮಕ್ಕಳೇ, ಯಾವ ಎಳೆಯೂ ಪೂರ್ತಿ ಒಳ್ಳೆಯದಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲ. ಮಳೆಯ ಕೊಡೆಗೆ ನೈಲಾನ್ ಬೇಕು, ಹಸುಗೂಸಿನ ಮೈಗೆ ಹತ್ತಿಯೇ ಬೇಕು. ಕೆಲಸಕ್ಕೆ ತಕ್ಕ ಬಟ್ಟೆ ಆರಿಸುವುದೇ ಜಾಣತನ. ಈ ಸಲ ಅಂಗಡಿಯಲ್ಲಿ ಬಟ್ಟೆ ಕೊಳ್ಳುವಾಗ ಬಣ್ಣವನ್ನಷ್ಟೇ ನೋಡಬೇಡಿರಿ. ಇದು ಯಾವ ನೂಲು ಎಂದು ಕೇಳಿರಿ. ಮುಂದಿನ ಸಪ್ಟೆಂಬರ್ 17ರಂದು ಧ್ವಜ ಮೇಲೇರುವಾಗ ಅದರ ಬಟ್ಟೆಯನ್ನೂ ಒಮ್ಮೆ ನೋಡಿರಿ. ಅದು ಖಾದಿಯದಾಗಿದ್ದರೆ, ಆ ಒಂದೊಂದು ಎಳೆಯನ್ನೂ ಯಾರದೋ ಕೈಗಳು ನೂತಿವೆ ಎಂಬುದನ್ನು ನೆನೆಯಿರಿ.